ಅಮಲೂ ಅಪರಾಧವೂ

ಈಚೆಗೆ ಒಂದು ಸಂಜೆ ಪರಿಚಿತ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು ಬಹಳ ಹೊತ್ತು ಮೌನವಾಗಿ ಕುಳಿತಿದ್ದರು. ಕಾಲೇಜಿನಲ್ಲಿ ಓದುವ ಅವರ ಮಗನ ಪೆಟ್ಟಿಗೆಯಲ್ಲಿ ಗಾಂಜಾ ಸಿಕ್ಕಿತ್ತು. ಅದೇ ವಾರ ದೇವರ ಮನೆಯ ಬೆಳ್ಳಿಯ ಪಂಚಪಾತ್ರೆಯೂ ಕಾಣೆಯಾಗಿತ್ತು. "ಸ್ವಾಮಿ, ಅಮಲಿಗೆ ಬಿದ್ದವನು ಕಳ್ಳನಾಗಿಯೇ ತೀರುವನೇ?" ಎಂದು ಕೇಳಿದರು. ಈ ಪ್ರಶ್ನೆಯು ಅವರೊಬ್ಬರದೇ ಅಲ್ಲವಾದುದರಿಂದ, ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ಪ್ರಶ್ನೆಯೇನೂ ಹೊಸದಲ್ಲ. 1893ರಲ್ಲಿ ಇಂಡಿಯಾ ಸರ್ಕಾರವು ಗಾಂಜಾ, ಚರಸ್, ಭಂಗಿಗಳ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. 1193 ಮಂದಿಯ ಸಾಕ್ಷ್ಯವನ್ನು ಪಡೆದ ಆ ಆಯೋಗವು, ಮಿತವಾದ ಸೇವನೆಗೂ ಅಪರಾಧಕ್ಕೂ ಗಣನೀಯವಾದ ಸಂಬಂಧವಿಲ್ಲವೆಂದೂ, ಮಿತಿಮೀರಿದರೆ ಕೇಡುಂಟೆಂದೂ 1894ರಲ್ಲಿ ತೀರ್ಮಾನಿಸಿತು. ಹಾಗೆಂದು ಇದನ್ನು ಅಭಯವೆಂದು ತಿಳಿಯಬಾರದು. ಎಳೆಯ ವಯಸ್ಸಿನಲ್ಲಿ ನಿತ್ಯವೂ ಗಾಂಜಾ ಸೇದುವವರಲ್ಲಿ ಚಿತ್ತವಿಕಾರದ ಅಪಾಯವು ಹೆಚ್ಚೆಂದು ಇಂದಿನ ವೈದ್ಯರು ಎಚ್ಚರಿಸುವರು.

ಅಮಲು ಅಪರಾಧಕ್ಕೆ ಒಯ್ಯುವ ದಾರಿ ಯಾವುದು? 1985ರಲ್ಲಿ ಅಮೆರಿಕದ ಪಾಲ್ ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರು ಮೂರು ದಾರಿಗಳನ್ನು ಹೇಳಿದರು. ಮೊದಲನೆಯದು, ಪದಾರ್ಥವು ತಲೆಗೇರಿ ವಿವೇಕವನ್ನು ಕೆಡಿಸಿ ಕೈಮಾಡಿಸುವುದು. ಎರಡನೆಯದು, ಚಟಕ್ಕೆ ಹಣ ಸಾಲದೆ ಕಳವಿಗೆ ಇಳಿಯುವುದು. ಮೂರನೆಯದು, ಕಳ್ಳವ್ಯಾಪಾರದ ಹಗೆತನ: ಸಾಲ ತೀರಿಸದವನನ್ನೂ ತನ್ನ ಬೀದಿಗೆ ಬಂದ ಎದುರಾಳಿಯನ್ನೂ ವ್ಯಾಪಾರಿಯು ನ್ಯಾಯಾಲಯಕ್ಕೆ ಎಳೆಯಲಾರನಾದುದರಿಂದ ಆಯುಧವನ್ನೇ ಹಿಡಿಯುವನು.

ಗೋಲ್ಡ್‌ಸ್ಟೈನರೂ ಅವರ ಸಂಗಡಿಗರೂ 1988ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ 414 ಕೊಲೆಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಅಮಲಿಗೆ ಸಂಬಂಧಪಟ್ಟವು 218. ಈ 218ರಲ್ಲಿ 162 ವ್ಯಾಪಾರದ ಜಗಳದಿಂದಾದುವು; ತಲೆಗೇರಿದ ಅಮಲಿನಿಂದಾದುವು 31, ಹಣದ ಆಸೆಯಿಂದಾದುವು ಕೇವಲ 8; ಉಳಿದುವು ಮಿಶ್ರಕಾರಣದವು. ಆ 31ರಲ್ಲಿಯೂ ಹೆಚ್ಚಿನವಕ್ಕೆ ಕಾರಣ ಮದ್ಯವೇ! ಎಂದರೆ, ಜನರು ಅಂಜುವ ದಾರಿಗಿಂತ ಅವರು ಕಾಣದ ದಾರಿಯಲ್ಲಿಯೇ ರಕ್ತವು ಹೆಚ್ಚು ಹರಿದಿತ್ತು. ಆದರೆ ಇದು ಕೊಲೆಗಳ ಲೆಕ್ಕ. ಮನೆಯಿಂದ ಸಣ್ಣ ಸಾಮಾನು ಮಾಯವಾಗುವುದು ಎರಡನೆಯ ದಾರಿಯ ಸೂಚನೆಯಾಗಿರಬಹುದು. ಸಾಲ ಕೊಟ್ಟವನ ಭಯವಿದ್ದರೆ ಮೂರನೆಯದೂ ದೂರವಿಲ್ಲ.

ಇನ್ನು ಕೆಲವರು, ಅಮಲು ಅಪರಾಧಕ್ಕೆ ತಾಯಿಯಲ್ಲ, ಒಡಹುಟ್ಟು ಎನ್ನುವರು. ಕೆಟ್ಟ ಸಹವಾಸ, ಮನೆಯ ಕಲಹ, ನಿರುದ್ಯೋಗ, ಮನೋವ್ಯಥೆ, ಇವೇ ಎರಡನ್ನೂ ಹೆರುವುವೆಂದು ಅವರ ಮತ. ಸನ್ನಿವೇಶದ ಬಲವನ್ನು ತೋರಿಸುವ ಒಂದು ನಿದರ್ಶನವುಂಟು. 1971ರಲ್ಲಿ ವಿಯೆಟ್ನಾಮಿನಿಂದ ಹಿಂದಿರುಗಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಪರಿಶೀಲಿಸಿದರು. ಅಲ್ಲಿ ಹೆರಾಯಿನ್ ಮೊದಲಾದುವಕ್ಕೆ ದಾಸರಾಗಿದ್ದವರಲ್ಲಿ, ಊರಿಗೆ ಮರಳಿದ ಮೊದಲ ವರ್ಷದೊಳಗೆ ಪುನಃ ದಾಸರಾದವರು ಶೇಕಡ 5ರಷ್ಟು ಮಾತ್ರ. ಅಮಲು ಹಣೆಯ ಬರಹವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದುದರಿಂದ ಗೃಹಸ್ಥರು ಮಾಡತಕ್ಕದ್ದೇನು? ಮೊದಲು, ಹುಡುಗನನ್ನು ಕಳ್ಳನೆಂದು ಹೆಸರಿಟ್ಟು ಹೊರದೂಡಬಾರದು. ಹೊರಗೆ ಅವನಿಗಾಗಿ ಕಾದಿರುವವನು ಆ ವ್ಯಾಪಾರಿಯೇ. ಯಾರಿಗೆ ಎಷ್ಟು ಸಾಲವಿದೆಯೆಂದು ಸಮಾಧಾನದಿಂದ ಕೇಳಿ ತಿಳಿಯಬೇಕು. ಬಳಿಕ ಮಾನಕ್ಕಂಜದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ ವಿಭಾಗವಿದೆ. ಪೋಲೀಸಿನ ಭಯದಿಂದ ರೋಗವನ್ನು ಮುಚ್ಚಿಡುವವರು 1985ರ ಮಾದಕ ದ್ರವ್ಯಗಳ ಕಾನೂನಿನ 64ಎ ಪ್ರಕರಣವನ್ನು ತಿಳಿದಿರಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು, ಸರ್ಕಾರವು ನಡೆಸುವ ಅಥವಾ ಮಾನ್ಯಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ಚಿಕಿತ್ಸೆಯನ್ನು ಪೂರೈಸದಿದ್ದರೆ ಮಾತ್ರ ಈ ರಕ್ಷೆ ತಪ್ಪಬಹುದು.

ಇಷ್ಟನ್ನು ಆ ಗೃಹಸ್ಥರಿಗೆ ಹೇಳಿದೆವು. ಅವರು ಎದ್ದು ನಿಂತು, "ಪಂಚಪಾತ್ರೆ ಹೋದರೆ ಹೋಗಲಿ" ಎಂದರು. ಅವರ ಮಗನಿಗೆ ಆ ಮಾತು ಆ ರಾತ್ರಿಯೇ ಕೇಳಿಸಿರಲೆಂದು ನಮ್ಮ ಹಾರೈಕೆ.