ಟೊಯೊಟಾ ಕಾರೂ ಹೆಸರಿನ ಬೆಲೆಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಕಾರಿನ ವಿಷಯವಾಗಿ ಲೇಖನವೇ ಎಂದು ಕೆಲವು ಮಿತ್ರರು ನಕ್ಕರು. ಕಾವ್ಯವಿಮರ್ಶೆ, ಗ್ರಾಮಸುಧಾರಣೆ, ವಿದ್ಯಾರ್ಥಿಗಳೂ ರಾಜಕೀಯವೂ ಮುಂತಾದುವು ಇಂಥ ಪುಟಗಳಿಗೆ ಒಪ್ಪುವ ವಿಷಯಗಳು. ಕಾರಿನ ಮಾತು ಎಂಜಿನಿಯರಿಂಗ್ ಕಾಲೇಜಿನವರಿಗಿರಲಿ ಎಂಬುದು ಅವರ ವಾದ. ಅವರ ನಗೆಯನ್ನು ಸ್ವೀಕರಿಸಿಯೇ ಬರೆಯಲು ತೊಡಗಿದ್ದೇನೆ. ಏಕೆಂದರೆ ನಾನು ಹೇಳಹೊರಟಿರುವುದು ಯಂತ್ರದ ಸಂಗತಿಯಲ್ಲ, ಹೆಸರಿನ ಸಂಗತಿ. ಒಂದು ಹೆಸರು ಹೇಗೆ ಬರುತ್ತದೆ, ಹೇಗೆ ಉಳಿಯುತ್ತದೆ, ಹೇಗೆ ಕೆಡುತ್ತದೆ ಎಂಬುದು ಇತಿಹಾಸವನ್ನೂ ನೀತಿಶಾಸ್ತ್ರವನ್ನೂ ಓದುವ ನಮಗೆ ಸೇರಿದ ಪ್ರಶ್ನೆಯೇ ಅಲ್ಲವೆ?

ನಮ್ಮ ಊರಿನಲ್ಲಿ ಬಾಡಿಗೆ ಕಾರು ಓಡಿಸುವವರನ್ನು ವಿಚಾರಿಸಿ ನೋಡಿ. ಟೊಯೊಟಾ ಎಂದೊಡನೆ "ಅದು ಕೈ ಕೊಡುವ ಗಾಡಿಯಲ್ಲ, ಬಿಡಿ" ಎಂಬ ಉತ್ತರ ಬರುತ್ತದೆ. ಈ ಒಂದು ಮಾತಿನ ಹಿಂದೆ ಶತಮಾನಕ್ಕೂ ಮೀರಿದ ಕಥೆಯಿದೆ. ಅದು ಮೋಟಾರಿನಿಂದ ಆರಂಭವಾಗುವುದಿಲ್ಲ, ಮಗ್ಗದಿಂದ ಆರಂಭವಾಗುತ್ತದೆ. ನಾನು ನೇಕಾರರ ಮನೆಯವನಾದುದರಿಂದ ಈ ಕಥೆ ನನ್ನ ಮನಸ್ಸನ್ನು ಹಿಡಿದಿದ್ದರೆ ಆಶ್ಚರ್ಯವಿಲ್ಲ.

ಸಾಕಿಚಿ ಟೊಯೊಡ 1867ರಲ್ಲಿ ಹುಟ್ಟಿದ ಬಡಗಿಯ ಮಗ. ಹಳ್ಳಿಯ ಹೆಂಗಸರು ಕೈಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ಕಂಡು, ಮಗ್ಗವನ್ನು ಸುಧಾರಿಸುವ ಹಟ ತೊಟ್ಟನು. 1891ರಲ್ಲಿ ಮರದ ಕೈಮಗ್ಗಕ್ಕೆ ಮೊದಲ ಪೇಟೆಂಟು ಪಡೆದನು. ಮುಂದೆ ಅವನು ಮಾಡಿದ ಯಂತ್ರಮಗ್ಗಗಳಲ್ಲಿ ಒಂದು ವಿಶೇಷವಿತ್ತು: ನೂಲಿನ ಎಳೆ ಕಡಿದೊಡನೆ ಮಗ್ಗ ತಾನಾಗಿಯೇ ನಿಂತುಬಿಡುತ್ತಿತ್ತು. ಕೇಳುವುದಕ್ಕೆ ಇದು ಸಣ್ಣ ಸಂಗತಿ. ಆದರೆ ನಮ್ಮ ಅಜ್ಜ ಹೇಳುತ್ತಿದ್ದುದುಂಟು, ಕಡಿದ ಎಳೆಯನ್ನು ಕಾಣದೆ ಲಾಳಿ ಹೊಡೆಯುತ್ತ ಹೋದರೆ ಮೊಳದುದ್ದ ಬಟ್ಟೆ ಹಾಳಾದ ಮೇಲೆಯೇ ಕಣ್ಣು ತೆರೆಯುವುದೆಂದು. ಎಳೆ ಕಡಿಯುವುದು ಎಲ್ಲ ಮಗ್ಗದಲ್ಲಿಯೂ ಉಂಟು. ಅದನ್ನು ಎಷ್ಟು ಬೇಗ ಒಪ್ಪಿಕೊಂಡು ಗಂಟು ಹಾಕುತ್ತೇವೆ ಎಂಬುದರಲ್ಲಿ ಒಳ್ಳೆಯ ನೇಕಾರನಿಗೂ ಕೆಟ್ಟ ನೇಕಾರನಿಗೂ ಇರುವ ಅಂತರ ಅಡಗಿದೆ.

ಭಾಷೆಯನ್ನು ಓದುವ ಮಿತ್ರರು ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ತಾನೇ ನಡೆಯುವ ಯಂತ್ರವೆಂಬ ಅರ್ಥದ 'ಜಿದೋಕಾ' ಎಂಬ ಜಪಾನಿ ಮಾತನ್ನು ಬರೆಯುವಾಗ ಟೊಯೊಟಾ ಸಂಸ್ಥೆಯವರು ನಡುವಿನ ಅಕ್ಷರಕ್ಕೆ 'ಮನುಷ್ಯ' ಎಂಬ ಗುರುತನ್ನು ಸೇರಿಸಿ ಬರೆಯುತ್ತಾರೆ. ಉಚ್ಚಾರಣೆ ಬದಲಾಗದು, ಅರ್ಥ ಬದಲಾಗುತ್ತದೆ. ಸುಮ್ಮನೆ ಓಡುವುದು ಯಂತ್ರ. ತಪ್ಪು ಕಂಡಾಗ ನಿಲ್ಲುವುದು ಮನುಷ್ಯಬುದ್ಧಿಯುಳ್ಳ ಯಂತ್ರ ಎಂಬುದು ಭಾವ.

1924ರಲ್ಲಿ ಸಿದ್ಧವಾದ, ಓಡುತ್ತಿರುವಾಗಲೇ ಲಾಳಿ ಬದಲಾಯಿಸಬಲ್ಲ ಮಗ್ಗ ಜಗತ್ತಿನ ಗಮನವನ್ನು ಸೆಳೆಯಿತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಹೆಸರಾಂತ ಸಂಸ್ಥೆ 1929ರಲ್ಲಿ 1 ಲಕ್ಷ ಪೌಂಡಿಗೆ ಅದರ ಪೇಟೆಂಟಿನ ಹಕ್ಕನ್ನು ಕೊಳ್ಳಲು ಒಪ್ಪಿಕೊಂಡಿತು. ಯಂತ್ರಮಗ್ಗದ ತವರಿನವರು ಏಷ್ಯಾದ ಬಡಗಿಯ ಮಗನಿಂದ ಮಗ್ಗದ ವಿದ್ಯೆಯನ್ನು ಕೊಂಡರೆಂಬುದು ಎಷ್ಟು ಅರ್ಥವತ್ತಾದ ಘಟನೆ! ಸಾಕಿಚಿಯ ಮಗ ಕೀಚಿರೊ ಮೋಟಾರು ಕಾರಿನ ಕನಸು ಕಂಡನು. 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲಿಯೇ ಮೋಟಾರು ವಿಭಾಗ ತೆರೆಯಿತು. 1937ರಲ್ಲಿ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. ಮನೆತನದ ಹೆಸರು ಟೊಯೊಡ, ಎಂದರೆ ಫಲವತ್ತಾದ ಗದ್ದೆ. ಕಾರಿನ ಹೆಸರು ಮಾತ್ರ ಟೊಯೊಟಾ. ಜಪಾನಿ ಲಿಪಿಯಲ್ಲಿ ಹೀಗೆ ಬರೆದರೆ ಎಂಟು ಗೆರೆಗಳಾಗುತ್ತವೆ, ಎಂಟು ಅವರಿಗೆ ಶುಭಸಂಖ್ಯೆ.

ಇದೇ ದಶಕದಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ಯೋಜನೆ ರೂಪಿಸಿ, 1935ರಲ್ಲಿ ಆ ಉದ್ದೇಶದಿಂದಲೇ ಯೂರೋಪು ಅಮೆರಿಕಾಗಳಲ್ಲಿ ಸಂಚರಿಸಿದ್ದರು. 1898ರಷ್ಟು ಹಿಂದೆಯೇ ಜಪಾನನ್ನು ಕಣ್ಣಾರೆ ಕಂಡು ಬಂದವರು ಅವರು. ಅವರ ಯೋಜನೆ ಅವರೆಣಿಸಿದಂತೆ ಕೈಗೂಡಲಿಲ್ಲ. ಜಪಾನಿಗೆ 1936ರಲ್ಲಿ ಸ್ವದೇಶೀ ಮೋಟಾರು ತಯಾರಕರನ್ನು ರಕ್ಷಿಸುವ ಕಾನೂನು ಬಂದಿತು. ಫೋರ್ಡ್, ಜನರಲ್ ಮೋಟಾರ್ಸ್‌ಗಳು ಅಲ್ಲಿಂದ ಕಾಲು ಕೀಳಬೇಕಾಯಿತು. ನಮಗೆ ಅಂಥ ಕಾನೂನು ಮಾಡಿಕೊಳ್ಳುವ ಸ್ವಾತಂತ್ರ್ಯವೇ ಇರಲಿಲ್ಲ. ಆದುದರಿಂದ ಟೊಯೊಟಾದ ಏಳಿಗೆಯನ್ನು ಹೊಗಳುವಾಗ ಜಪಾನೀಯರ ಶ್ರದ್ಧೆಯನ್ನು ಮಾತ್ರ ಹೊಗಳಿ, ಸರಕಾರದ ಆಸರೆಯನ್ನು ಮರೆಯುವುದು ಸರಿಯಲ್ಲ.

ಆ ಕಾಲದಲ್ಲಿ ಜಪಾನಿ ಮಾಲಿಗೆ ಒಳ್ಳೆಯ ಹೆಸರೂ ಇರಲಿಲ್ಲ. ಜಪಾನಿ ಬಟ್ಟೆ, ಜಪಾನಿ ಆಟಿಕೆ ಎಂದರೆ ಅಗ್ಗದ್ದು, ಬಾಳಿಕೆ ಬಾರದ್ದು ಎಂಬ ಭಾವನೆ ನಮ್ಮ ಪೇಟೆಗಳಲ್ಲಿಯೂ ಇತ್ತು. ಟೊಯೊಟಾದ ಮೊದಲ ಲಾರಿಯೂ ಇದಕ್ಕೆ ಹೊರತಾಗಿರಲಿಲ್ಲ. 1935ರಲ್ಲಿ ಪ್ರದರ್ಶನಕ್ಕೆಂದು ಟೋಕಿಯೋಗೆ ಹೊರಟ ಲಾರಿ ದಾರಿಯಲ್ಲಿಯೇ ಮುರಿದು ನಿಂತಿತು. ಕೊಂಡವರ ಲಾರಿಗಳೂ ಮೇಲಿಂದ ಮೇಲೆ ಕೆಟ್ಟವು. ಕೆಟ್ಟಲ್ಲಿಗೆ ಜನ ಓಡಿಹೋಗಿ ರಿಪೇರಿ ಮಾಡಿ, ಯಾವ ಭಾಗ ಏಕೆ ಮುರಿಯಿತೆಂದು ಬರೆದುಕೊಂಡು ಬಂದು ತಿದ್ದಿದರು. 1957ರಲ್ಲಿ ಕ್ರೌನ್ ಎಂಬ ಕಾರನ್ನು ಅಮೆರಿಕಾಕ್ಕೆ ಕಳುಹಿಸಿದಾಗಲೂ ಇದೇ ಕಥೆ. ಅಲ್ಲಿನ ಹೆದ್ದಾರಿಯ ವೇಗವನ್ನು ಅದು ತಾಳಲಿಲ್ಲ. 1960ರ ಕೊನೆಗೆ ಕಂಪನಿಯವರು ಕಾರುಗಳ ಮಾರಾಟವನ್ನೇ ಅಲ್ಲಿ ನಿಲ್ಲಿಸಿ ಮನೆಗೆ ಮರಳಿದರು. 1965ರಲ್ಲಿ ಕೊರೋನಾ ಎಂಬ ಗಟ್ಟಿಯಾದ ಕಾರಿನೊಂದಿಗೆ ಮತ್ತೆ ಹೋದರು. 1966ರಲ್ಲಿ ಹುಟ್ಟಿದ ಕೊರೊಲ್ಲಾ 2021ರ ವೇಳೆಗೆ 5 ಕೋಟಿಗೂ ಹೆಚ್ಚು ಮಾರಾಟವಾಯಿತು. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳದೆ, ಸೋತೆವೆಂದು ಒಪ್ಪಿ ನಿಂತುದೇ ಅವರ ಗೆಲುವಿನ ಮೂಲ ಎಂದು ನನ್ನ ಅಭಿಪ್ರಾಯ.

ನಡುವೆ 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಕಾರ್ಮಿಕರ ಮುಷ್ಕರವಾಯಿತು, ಸುಮಾರು 2,000 ಮಂದಿ ಕೆಲಸ ಬಿಟ್ಟು ಹೋಗಬೇಕಾಯಿತು. ಅದರ ಹೊಣೆ ಹೊತ್ತು ಕೀಚಿರೊ ಅಧ್ಯಕ್ಷಪದವಿಗೆ ರಾಜೀನಾಮೆ ಕೊಟ್ಟನು, 1952ರಲ್ಲಿ ತೀರಿಕೊಂಡನು. ಕಂಪನಿಯನ್ನು ಆಗ ಮೇಲೆತ್ತಿದುದು ಕೊರಿಯಾ ಯುದ್ಧಕ್ಕಾಗಿ ಅಮೆರಿಕನ್ ಸೈನ್ಯ ಕೊಂಡ ಲಾರಿಗಳು. ನೆರೆಯ ನಾಡಿನ ಸಂಕಟದಿಂದ ಬಂದ ಲಾಭ ಅದು ಎಂಬುದನ್ನೂ ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಆ ಬಳಿಕ ತಾಯಿಚಿ ಓನೊ ಎಂಬ ಎಂಜಿನಿಯರು ಸಾಕಿಚಿಯ ಮಗ್ಗದ ತತ್ತ್ವವನ್ನು ಕಾರ್ಖಾನೆಗೆಲ್ಲ ಹಬ್ಬಿಸಿದನು. ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು, ಗೋದಾಮಿನಲ್ಲಿ ಕೊಳೆಯಬಾರದು. ಅದಕ್ಕಿಂತಲೂ ಮುಖ್ಯವಾಗಿ, ಕಾರುಗಳು ಒಂದರ ಹಿಂದೊಂದು ಸಾಗುವ ಸಾಲಿನ ಪಕ್ಕದಲ್ಲಿ ಒಂದು ಹಗ್ಗ. ಯಾವ ಕೆಲಸಗಾರನಾಗಲಿ ದೋಷವನ್ನು ಕಂಡರೆ ಆ ಹಗ್ಗವನ್ನು ಎಳೆಯಬೇಕು. ದೀಪ ಹೊತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಬೇರೆಡೆ ಸಾಲನ್ನು ನಿಲ್ಲಿಸುವುದು ಅಪರಾಧವಾಗಿದ್ದಾಗ ಇಲ್ಲಿ ಅದು ಕರ್ತವ್ಯವಾಯಿತು.

ಇದು ಜಪಾನೀಯರ ರಕ್ತಗುಣ, ಬೇರೆಯವರಿಗೆ ಸಾಧ್ಯವಿಲ್ಲ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ ಉತ್ತರ ಕೊಟ್ಟಿದೆ. ಜನರಲ್ ಮೋಟಾರ್ಸ್‌ನವರು 1982ರಲ್ಲಿ ಅದನ್ನು ಮುಚ್ಚಿದ್ದರು. ಅಲ್ಲಿನ ಕೆಲಸಗಾರರು ಗೈರುಹಾಜರಿಗೂ ಜಗಳಕ್ಕೂ ಹೆಸರಾದವರು. 1984ರಲ್ಲಿ ಟೊಯೊಟಾ ಪಾಲುದಾರನಾಗಿ ಬಂದು, ಬಹುಮಟ್ಟಿಗೆ ಅದೇ ಜನರನ್ನಿಟ್ಟುಕೊಂಡು ಕಾರ್ಖಾನೆ ತೆರೆದಾಗ ಉತ್ತಮ ಕಾರುಗಳು ಹೊರಬಂದವು. ಜನ ಬದಲಾಗಿರಲಿಲ್ಲ, ಅವರ ಕೈಗೆ ಹಗ್ಗ ಬಂದಿತ್ತು, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಲೇಖನ ಕಂಪನಿಯ ಜಾಹೀರಾತಾದೀತು. ಹೆಸರಿಗೆ ಇನ್ನೊಂದು ಮುಖವೂ ಉಂಟು. 1972ರಲ್ಲಿ ಸಾತೋಶಿ ಕಾಮಾತ ಎಂಬ ಲೇಖಕನು ತಾತ್ಕಾಲಿಕ ಕೆಲಸಗಾರನಾಗಿ ಟೊಯೊಟಾದಲ್ಲಿ ಸೇರಿ, ಅಲ್ಲಿನ ಬಿಡುವಿಲ್ಲದ ದುಡಿಮೆಯನ್ನು ಮರುವರ್ಷ ಪುಸ್ತಕವಾಗಿ ಪ್ರಕಟಿಸಿದನು. ಅದನ್ನು ಹತಾಶೆಯ ಕಾರ್ಖಾನೆ ಎಂದು ಕರೆದನು. 2002ರಲ್ಲಿ ಮೂವತ್ತು ವರ್ಷದ ಒಬ್ಬ ನೌಕರ ಕೆಲಸದ ಸ್ಥಳದಲ್ಲಿಯೇ ಕುಸಿದು ಸತ್ತನು. ಅತಿದುಡಿಮೆಯೇ ಕಾರಣವೆಂದು ನಗೋಯಾದ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಕಾರಿನ ದೋಷಕ್ಕೆ ಹಗ್ಗವಿತ್ತು. ಮನುಷ್ಯನ ಆಯಾಸಕ್ಕೆ ಹಗ್ಗವಿರಲಿಲ್ಲವೆಂದೇ ಹೇಳಬೇಕು.

2008ರಲ್ಲಿ ಟೊಯೊಟಾ ಮಾರಾಟದಲ್ಲಿ ಜನರಲ್ ಮೋಟಾರ್ಸನ್ನೂ ಮೀರಿ ಜಗತ್ತಿನಲ್ಲಿ ಮೊದಲನೆಯದಾಯಿತು. ಆ ಕಿರೀಟ ತಲೆಗೆ ಏರಿದ ಮರುವರ್ಷವೇ ಕಾರುಗಳು ಹತೋಟಿ ತಪ್ಪಿ ಓಡುತ್ತವೆಂಬ ಕೂಗೆದ್ದಿತು. ನೆಲಹಾಸಿಗೆ ಪೆಡಲು ಸಿಕ್ಕಿಕೊಂಡು ಅಮೆರಿಕಾದಲ್ಲಿ ಒಂದೇ ಕಾರಿನಲ್ಲಿ ನಾಲ್ವರು ಸತ್ತರು. ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಕೀಚಿರೊನ ಮೊಮ್ಮಗ ಅಕಿಯೋ ಟೊಯೊಡ ಅಮೆರಿಕಾದ ಸಂಸತ್ತಿನ ಸಮಿತಿಯ ಮುಂದೆ ನಿಂತು, ತಾವು ಬೆಳೆದ ವೇಗ ಅತಿಯಾಯಿತೆಂದು ಒಪ್ಪಿ ಕ್ಷಮೆ ಬೇಡಿದನು. ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಅಂಥ ದೋಷ ಕಾಣಲಿಲ್ಲವೆಂದು ಮುಂದಿನ ವರ್ಷ ಸರಕಾರದ ತನಿಖೆ ತಿಳಿಸಿತು, ನಿಜ. ಆದರೆ ಪೆಡಲಿನ ದೋಷವನ್ನು ಅರಿತೂ ಗಿರಾಕಿಗಳನ್ನು ದಾರಿತಪ್ಪಿಸಿದುದಕ್ಕಾಗಿ 2014ರಲ್ಲಿ ಕಂಪನಿ 120 ಕೋಟಿ ಡಾಲರು ದಂಡ ತೆತ್ತಿತು. 2023ರ ಡಿಸೆಂಬರಿನಲ್ಲಿ ಅದರ ಒಡೆತನದ ದೈಹಾತ್ಸು ಕಂಪನಿಯ 64 ಮಾದರಿಗಳ ಪರೀಕ್ಷೆಗಳಲ್ಲಿ ಅಕ್ರಮ ಬೆಳಕಿಗೆ ಬಂದಿತು. ಅತ್ಯಂತ ಹಳೆಯದು 1989ರದು. ಹೊಸ ಮಾದರಿಗಳನ್ನು ಬೇಗ ಬೇಗ ಹೊರತರಬೇಕೆಂಬ ಒತ್ತಡವೇ ಕಾರಣವೆಂದು ವಿಚಾರಣಾ ಸಮಿತಿ ಹೇಳಿತು. 2024ರ ಜೂನಿನಲ್ಲಿ ಟೊಯೊಟಾ ತಾನೇ ಏಳು ಮಾದರಿಗಳಲ್ಲಿ ಪರೀಕ್ಷೆಯ ನಿಯಮ ಮೀರಿದುದನ್ನು ಒಪ್ಪಿಕೊಂಡಿತು. ಎಳೆ ಕಡಿದಿತ್ತು, ಮಗ್ಗ ನಿಲ್ಲಲಿಲ್ಲ.

ಈ ಹೆಸರು ಈಗ ನಮಗೂ ದೂರದ್ದಲ್ಲ. 1997ರಲ್ಲಿ ಕಿರ್ಲೋಸ್ಕರರ ಜತೆಗೂಡಿ ಬಿಡದಿಯಲ್ಲಿ ಟೊಯೊಟಾ ನೆಲೆಯೂರಿತು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದುವು. ಬಡ ಹಳ್ಳಿಯ ಹುಡುಗರಿಗಾಗಿ 2007ರಲ್ಲಿ ಅಲ್ಲಿ ತರಬೇತಿ ಶಾಲೆಯೂ ತೆರೆಯಿತು. ಇದು ಮೆಚ್ಚಬೇಕಾದ ಕೆಲಸ. ಅದೇ ಬಿಡದಿಯಲ್ಲಿ 2014ರಲ್ಲಿಯೂ 2020ರಲ್ಲಿಯೂ ಬೀಗಮುದ್ರೆಯಾಯಿತು. 2020ರಲ್ಲಿ ಕೆಲಸದ ಹೊರೆ ಮಿತಿಮೀರಿದೆ ಎಂದರು ಕಾರ್ಮಿಕರು. ಅಶಿಸ್ತು ಮಿತಿಮೀರಿದೆ ಎಂದಿತು ಆಡಳಿತ. ನ್ಯಾಯ ಯಾವ ಕಡೆಗಿತ್ತೆಂದು ತೀರ್ಮಾನಿಸಲು ನಾನು ಅರ್ಹನಲ್ಲ. ಆದರೆ ನಮ್ಮ ತರಗತಿಯಲ್ಲಿ ಕುಳಿತವರಲ್ಲಿ ಕೆಲವರು ನಾಳೆ ಆ ದಾರಿಯ ಯಾವುದಾದರೊಂದು ಕಾರ್ಖಾನೆಯ ಬಾಗಿಲಿಗೆ ಹೋಗುವವರೇ. ಕೆಲಸಗಾರರಾಗಿಯೋ ಮೇಲ್ವಿಚಾರಕರಾಗಿಯೋ ಹೋಗಬಹುದು. ಹಗ್ಗ ಎಳೆದವನನ್ನು ಅಲ್ಲಿ ಹೇಗೆ ಕಾಣುತ್ತಾರೆ ಎಂಬುದು ಅವರ ಬಾಳಿನ ಪ್ರಶ್ನೆ.

ಕಾರ್ಖಾನೆಯ ಮಾತು ಹಾಗಿರಲಿ, ನಮ್ಮ ಕಾಲೇಜಿನ ಮಾತೇನು? ಪಾಠ ಅರ್ಥವಾಗದಿದ್ದಾಗ ನಾವು ಎದ್ದು ಕೇಳುತ್ತೇವೆಯೆ? ಪಕ್ಕದವನು ನಕ್ಕಾನೆಂಬ ಭಯ, ಉಪನ್ಯಾಸಕರು ಗದರಿಸಿಯಾರೆಂಬ ಭಯ. ಜುಲೈನಲ್ಲಿ ಕಡಿದ ಎಳೆಯ ಮೇಲೆ ಮಾರ್ಚಿಯವರೆಗೂ ನೇಯುತ್ತೇವೆ. ಪರೀಕ್ಷೆಯ ಹೊತ್ತಿಗೆ ಗೈಡುಗಳನ್ನು ಉರುಹೊಡೆದು ಆ ತೂತನ್ನು ಮುಚ್ಚುತ್ತೇವೆ. ಪದವಿ ಎಂಬ ಮುದ್ರೆ ಬಟ್ಟೆಯ ಮೇಲೆ ಬೀಳುತ್ತದೆ. ಕೊಂಡವನಿಗೆ ತೂತು ಆಮೇಲೆ ಕಾಣುತ್ತದೆ. ಸರಕಾರಿ ಕಾಲೇಜಿನ ಪದವೀಧರನೆಂದರೆ ಮೂಗು ಮುರಿಯುವವರಿದ್ದಾರೆಂದು ನಾವು ಕೊರಗುವುದುಂಟು. ಆ ಹೆಸರನ್ನು ತಿದ್ದುವ ದಾರಿ ಭಾಷಣವಲ್ಲ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹ ಇಷ್ಟೆ: ತಿಳಿಯದಾಗ ಕೈ ಎತ್ತೋಣ. ಪೂಜ್ಯ ಉಪನ್ಯಾಸಕವರ್ಗದಲ್ಲಿಯೂ ವಿನಯದಿಂದ ಒಂದು ಬಿನ್ನಹ: ಎತ್ತಿದ ಕೈಯನ್ನು ಅವಿಧೇಯತೆಯೆಂದು ಎಣಿಸದೆ, ಪಾಠವನ್ನು ಅರೆಗಳಿಗೆ ನಿಲ್ಲಿಸಿರಿ. ಹಗ್ಗವನ್ನು ಕಟ್ಟಿದರೆ ಸಾಲದು, ಎಳೆದಾಗ ಯಾರಾದರೂ ಬರಬೇಕು. ನಮ್ಮ ಅಜ್ಜನ ಮಗ್ಗಕ್ಕೆ ತಾನಾಗಿ ನಿಲ್ಲುವ ಉಪಾಯವಿರಲಿಲ್ಲ. ಅವನೇ ನಿಲ್ಲಿಸುತ್ತಿದ್ದನು, ಕನ್ನಡಕ ಏರಿಸಿಕೊಂಡು ಕಡಿದ ಎಳೆಯನ್ನು ಹುಡುಕುತ್ತಿದ್ದನು, ಗಂಟು ಹಾಕಿ ಮತ್ತೆ ಲಾಳಿ ಹಿಡಿಯುತ್ತಿದ್ದನು. ಅವನು ನೇಯ್ದ ಸೀರೆಯನ್ನು ಊರಿನವರು ಬೆಲೆ ಕೇಳದೆ ಕೊಳ್ಳುತ್ತಿದ್ದರು.

— ಅಂತಿಮ ಬಿ.ಎ. ವಿದ್ಯಾರ್ಥಿ