ಭಕ್ತಿಸಂಗೀತವೋ, ಭಾವದ ಹರಾಜೋ?

ನಾದಕ್ಕೆ ಮನಸ್ಸನ್ನು ತಿರುಗಿಸುವ ಶಕ್ತಿ ಉಂಟೆಂಬುದನ್ನು ಜೈನ ಪರಂಪರೆ ಎಂದೂ ಅಲ್ಲಗಳೆದಿಲ್ಲ. ಒಂದೊಂದು ಇಂದ್ರಿಯಕ್ಕೆ ವಶವಾಗಿ ಕೆಡುವ ಜೀವಿಗಳ ದೃಷ್ಟಾಂತದಲ್ಲಿ ಆನೆ ಸ್ಪರ್ಶಕ್ಕೆ, ಮೀನು ರುಚಿಗೆ, ದುಂಬಿ ಗಂಧಕ್ಕೆ, ಪತಂಗ ರೂಪಕ್ಕೆ ಬಲಿಯಾಗುವಂತೆ ಜಿಂಕೆಯು ಬೇಡನ ಗಾನಕ್ಕೆ ಬಲಿಯಾಗುತ್ತದೆ. ಅದೇ ಪರಂಪರೆಯು ತೀರ್ಥಂಕರರ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ದಿವ್ಯಧ್ವನಿಯನ್ನೂ ದೇವದುಂದುಭಿಯನ್ನೂ ಎಣಿಸಿದೆ. ಸ್ಥಾನಾಂಗ ಸೂತ್ರದ ಏಳನೆಯ ಸ್ಥಾನದಲ್ಲಿ ಸಪ್ತಸ್ವರಗಳ ವಿವರಣೆಯಿದೆ. ಅವಸರದಿಂದ ಹಾಡುವುದು, ತಾಳ ಮೀರುವುದು, ಕಾಗೆಯಂತೆ ಕರ್ಕಶವಾಗಿ ಹಾಡುವುದು ಮೊದಲಾದ ಗೀತದೋಷಗಳ ಪಟ್ಟಿಯೂ ಇದೆ. ‘ಸಂಗೀತ ಸಮಯಸಾರ’ವನ್ನು ರಚಿಸಿದ ಪಾರ್ಶ್ವದೇವನು ಜೈನ ಲಕ್ಷಣಕಾರ. ಆದುದರಿಂದ ಸಂಗೀತ ಬೇಕೇ ಬೇಡವೇ ಎಂಬುದು ಇಂದಿನ ಪ್ರಶ್ನೆಯಲ್ಲ. ಮಂದಿರದ ಆವರಣದಲ್ಲಿ ಸಂಗೀತವು ಯಾವ ಭಾವವನ್ನು ಎಬ್ಬಿಸುತ್ತಿದೆ, ಎಬ್ಬಿಸಿದ ಆ ಭಾವವನ್ನು ಯಾರು ಯಾವುದಕ್ಕೆ ಬಳಸಿಕೊಳ್ಳುತ್ತಿದ್ದಾರೆ ಎಂಬುದೇ ಪ್ರಶ್ನೆ.

ಪರ್ಯುಷಣ, ಪ್ರತಿಷ್ಠಾ ಮಹೋತ್ಸವ, ಪಂಚಕಲ್ಯಾಣಗಳ ಸಂದರ್ಭದಲ್ಲಿ ಬೆಳೆದು ನಿಂತಿರುವ ಒಂದು ರೂಢಿಯನ್ನು ನೋಡಬಹುದು. ದೂರದ ನಗರದಿಂದ ಹಾಡುಗಾರರ ತಂಡ ಬರುತ್ತದೆ. ಕೀಬೋರ್ಡ್, ಢೋಲಕ್, ಆಳೆತ್ತರದ ಧ್ವನಿಪೆಟ್ಟಿಗೆಗಳು ಸಜ್ಜಾಗುತ್ತವೆ. ಎರಡು ತಾಸು ಸ್ತವನಗಳು ನಡೆದು, ಸಭೆ ಚಪ್ಪಾಳೆ ತಟ್ಟಿ, ಕೆಲವರು ಎದ್ದು ಕುಣಿದು, ಕಣ್ಣುಗಳು ಒದ್ದೆಯಾದ ಘಳಿಗೆಯನ್ನೇ ಆರಿಸಿ ಬೋಲಿ ಆರಂಭವಾಗುತ್ತದೆ. ದಿಗಂಬರ ಸಮಾಜದಲ್ಲಿ ಇದಕ್ಕೆ ಸವಾಲು ಎಂಬ ಹೆಸರು. ಒಂದು ಮೊತ್ತಕ್ಕೂ ಇನ್ನೊಂದು ಮೊತ್ತಕ್ಕೂ ನಡುವೆ ಢೋಲಕ್ ನಿಲ್ಲುವುದಿಲ್ಲ. ಮೊತ್ತ ಏರಿದಂತೆ ಲಯ ಏರುತ್ತದೆ. ಲಯ ಏರಿದಂತೆ ಮೊತ್ತ ಏರುತ್ತದೆ. ಇದು ಒಂದು ಊರಿನ ಅಥವಾ ಒಂದು ಮಂದಿರದ ಮೇಲಿನ ದೂರಲ್ಲ. ಎರಡೂ ಸಂಪ್ರದಾಯಗಳಲ್ಲಿ ಹರಡಿರುವ ಪದ್ಧತಿಯ ವಿಚಾರ. ಆದರೆ ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯಂಥ ಊರುಗಳಲ್ಲಿ ಇದನ್ನು ಪರೀಕ್ಷಿಸಲು ವಿಶೇಷ ಕಾರಣಗಳಿವೆ.

ಸಂಗೀತ ಮತ್ತು ಮನಸ್ಸಿನ ಸಂಬಂಧವನ್ನು ಕನ್ನಡದ ಎರಡು ಜೈನ ಕಾವ್ಯಗಳು ಎರಡು ದಿಕ್ಕಿನಿಂದ ತೋರಿಸಿವೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಅಮೃತಮತಿ ಇರುಳಿನಲ್ಲಿ ಮಾವುತನೊಬ್ಬನ ಹಾಡನ್ನು ಕೇಳುತ್ತಾಳೆ. ಆಕೆ ಆತನ ರೂಪವನ್ನು ಕಂಡಿಲ್ಲ, ಗುಣವನ್ನು ಅರಿತಿಲ್ಲ. ಕಿವಿಯ ಹಾದಿಯಲ್ಲಿಯೇ ಮನಸ್ಸು ಹೊರಟುಹೋಗಿದೆ. ಆತ ಕುರೂಪಿಯೆಂದು ತಿಳಿದ ಮೇಲೂ ಆ ಮನಸ್ಸು ಹಿಂದಿರುಗಲಿಲ್ಲ. ಕೊನೆಗೆ ಪತಿಗೂ ಅತ್ತೆಗೂ ವಿಷವಿಕ್ಕುವವರೆಗೆ ಕಥೆ ನಡೆಯುತ್ತದೆ. ಪಂಪನ ‘ಆದಿಪುರಾಣ’ದಲ್ಲಿ (941) ವೃಷಭನಾಥನ ಆಸ್ಥಾನದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಗೀತವಾದ್ಯನೃತ್ಯಗಳಲ್ಲಿ ಮುಳುಗಿದ ಸಭೆಗೆ ಒಂದು ಜೀವ ಕಳೆದುಹೋದುದೇ ತಿಳಿಯಲಿಲ್ಲ. ತಿಳಿದವನು ಒಬ್ಬನೇ, ಅವನಿಗೆ ಅದೇ ನೃತ್ಯ ವೈರಾಗ್ಯದ ಬಾಗಿಲಾಯಿತು. ಕೇಳಿದ ಮತ್ತು ಕಂಡ ವಸ್ತು ಒಂದೇ ಆದರೂ ಮನಸ್ಸುಗಳು ಬೇರೆ, ಫಲ ಬೇರೆ. ಹಾಡು ಮನಸ್ಸನ್ನು ರೂಪಿಸುತ್ತದೆ ಎಂಬುದು ಅರ್ಧ ಸತ್ಯ. ಮನಸ್ಸು ಹಾಡನ್ನು ರೂಪಿಸುತ್ತದೆ ಎಂಬುದು ಉಳಿದರ್ಧ.

ಗಣಿಯ ಊರಿನವರಿಗೆ ಈ ಉಳಿದರ್ಧವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಮುಗಿಯುವ ಹೊತ್ತಿನ ಸೈರನ್ ಮನೆಯಲ್ಲಿ ಕಾಯುವವರಿಗೆ ನೆಮ್ಮದಿಯ ಕರೆಯಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅದೇ ಕೂಗು ಎದ್ದರೆ ಎದೆ ನಡುಗುವ ಸುದ್ದಿಯಾಗಿತ್ತು. ಸ್ವರದಲ್ಲಿ ಭೇದವಿಲ್ಲ, ಕೇಳುವ ಎದೆಯಲ್ಲಿ ಭೇದವಿದೆ. ದುಃಖದಲ್ಲಿರುವವನು ದುಃಖದ ಹಾಡನ್ನು ಹುಡುಕುತ್ತಾನೆ, ಸಿಟ್ಟಿನಲ್ಲಿರುವವನು ಬಿರುಸಾದ ಬಡಿತವನ್ನು ಹುಡುಕುತ್ತಾನೆ. ಹುಡುಕಿ ಪಡೆದ ಹಾಡು ಆ ಭಾವವನ್ನೇ ಗಟ್ಟಿಗೊಳಿಸಬಹುದು, ಕೆಲವೊಮ್ಮೆ ಕರಗಿಸಲೂಬಹುದು. ತತ್ತ್ವಾರ್ಥಸೂತ್ರ ಹೇಳುವ ಆರ್ತ, ರೌದ್ರ, ಧರ್ಮ್ಯ, ಶುಕ್ಲಧ್ಯಾನಗಳಲ್ಲಿ ಮೊದಲಿನ ಎರಡಕ್ಕೂ ಹೊರಗಿನ ಆಸರೆಗಳು ಬೇಗನೆ ದೊರೆಯುತ್ತವೆ. ತನ್ನ ಮನೆಯಲ್ಲಿ ತಾನು ಆರಿಸಿ ಕೇಳುವ ಹಾಡಿಗೆ ಕೇಳುವವನೇ ಹೊಣೆ. ನೂರಾರು ಜನ ಕುಳಿತ ಸಭೆಗೆ ಹಾಡನ್ನು ಆರಿಸುವವರು ಮಾತ್ರ ನೂರಾರು ಮನಸ್ಸುಗಳ ಹೊಣೆ ಹೊರುತ್ತಾರೆ. ಟ್ರಸ್ಟಿನ ಜವಾಬ್ದಾರಿ ಇಲ್ಲಿಂದ ಆರಂಭವಾಗುತ್ತದೆ.

ಈ ಮಾತಿಗೆ ಕೂಡಲೇ ಬರುವ ಆಕ್ಷೇಪ ಒಂದಿದೆ: ಸಂಗೀತ ಬರಿಯ ನಿಮಿತ್ತ, ಆತ್ಮನ ಪರಿಣಾಮಕ್ಕೆ ಆತ್ಮನೇ ಉಪಾದಾನ, ಢೋಲಕ್ ಯಾರ ಭಾವವನ್ನು ಕೆಡಿಸೀತು? ನಿಶ್ಚಯದೃಷ್ಟಿಯಿಂದ ಇದು ಸರಿಯಾದ ಮಾತು. ಆದರೆ ಇದೇ ಮಾತನ್ನು ನಂಬುವುದಾದರೆ ಅಷ್ಟೊಂದು ಖರ್ಚು ಮಾಡಿ ತಂಡವನ್ನು ಕರೆಸುವುದೇಕೆ? ಆಯವ್ಯಯ ಸಿದ್ಧಪಡಿಸುವಾಗ ‘ಸಂಗೀತವಿಲ್ಲದೆ ಬೋಲಿ ಏರುವುದಿಲ್ಲ’ ಎನ್ನುವುದು, ಪ್ರಶ್ನೆ ಬಂದಾಗ ‘ಸಂಗೀತದಿಂದ ಏನಾಗುತ್ತದೆ’ ಎನ್ನುವುದು, ಇವೆರಡೂ ಒಂದೇ ಬಾಯಿಂದ ಬರಲಾರವು. ನಿಮಿತ್ತಕ್ಕೆ ಬೆಲೆಯಿಲ್ಲವಾದರೆ ಬಸದಿಗೂ ಬಿಂಬಕ್ಕೂ ಬೆಲೆಯಿಲ್ಲ.

ಸಂಗೀತದಿಂದ ಏನಾಗುತ್ತದೆ ಎಂಬುದು ವರ್ತಕರಿಗೆ ತಿಳಿಯದ ವಿದ್ಯೆಯೂ ಅಲ್ಲ. 1982ರಲ್ಲಿ ಅಮೆರಿಕದ ರೊನಾಲ್ಡ್ ಮಿಲಿಮನ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೊಡ್ಡ ಅಂಗಡಿಯಲ್ಲಿ ವೇಗದ ಸಂಗೀತದ ಬದಲು ನಿಧಾನ ಲಯದ ಸಂಗೀತ ಹಾಕಿದ ದಿನಗಳಲ್ಲಿ ಗಿರಾಕಿಗಳ ನಡಿಗೆ ನಿಧಾನವಾಯಿತು, ವ್ಯಾಪಾರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿಯೇ ಏರಿತು. ಅಂಗಡಿಯಲ್ಲಿ ಇದು ಲಾಭದ ಉಪಾಯ. ಅಂಗಡಿಯು ತಾನು ಅಂಗಡಿಯೆಂಬುದನ್ನು ಮರೆಮಾಚುವುದಿಲ್ಲ. ಮಂದಿರವು ಅದೇ ಉಪಾಯವನ್ನು ಭಕ್ತಿಯೆಂದು ಕರೆದಾಗ ಮಾತ್ರ ಅದು ಮಾಯಾಚಾರವಾಗುತ್ತದೆ.

‘ಹಣ ಹೋಗುವುದು ಧರ್ಮಕಾರ್ಯಕ್ಕೇ ತಾನೆ?’ ಎಂಬುದು ಎರಡನೆಯ ಸಮರ್ಥನೆ. ದೇವದ್ರವ್ಯವನ್ನು ಎಲ್ಲಿ ವ್ಯಯಿಸಬೇಕು, ಎಲ್ಲಿ ವ್ಯಯಿಸಬಾರದು ಎಂಬ ಬಗ್ಗೆ ಸಮಾಜ ಕಟ್ಟೆಚ್ಚರ ವಹಿಸುತ್ತದೆ, ಅದು ಶ್ಲಾಘ್ಯ. ಆದರೆ ಆ ಹಣ ಯಾವ ಮನಸ್ಸಿನಿಂದ ಬಂತು ಎಂಬ ಎಚ್ಚರ ಎಲ್ಲಿದೆ? ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲ ಬೇರೆಬೇರೆಯಾಗುತ್ತದೆಂದು ತತ್ತ್ವಾರ್ಥಸೂತ್ರ ಸ್ಪಷ್ಟಪಡಿಸಿದೆ. ದ್ರವ್ಯ ಶುದ್ಧ, ಪಾತ್ರ ಶ್ರೇಷ್ಠ ಎಂದು ಒಪ್ಪೋಣ. ಬಡಿತದ ಅಬ್ಬರದಲ್ಲಿ, ಪಕ್ಕದ ಸಾಲಿನವನನ್ನು ಮೀರಿಸುವ ಛಲದಲ್ಲಿ ಕೈ ಎತ್ತಿದ ದಾತೃವಿನ ಭಾವ ಶುದ್ಧವೇ? ಹಾಗೆ ಎತ್ತಿಸಿದ ವಿಧಿ ಶುದ್ಧವೇ? ಮಾನಕಷಾಯವನ್ನು ಕ್ಷಯಗೊಳಿಸಬೇಕಾದ ಸ್ಥಳದಲ್ಲಿ ಅದನ್ನು ತಾಳ ಹಾಕಿ ಬೆಳೆಸಿದಂತಾಗಲಿಲ್ಲವೇ?

ಇಲ್ಲಿ ಊರಿನ ಸ್ಥಿತಿಯನ್ನು ನೆನೆಯಬೇಕು. ರಾಜಸ್ಥಾನದ ಕಡೆಯಿಂದ ಬಂದು ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ನೆಲೆಸಿದ ವರ್ತಕ ಕುಟುಂಬಗಳ ಬಾಳು ಗಣಿಯ ವೇತನದೊಡನೆ ಹೆಣೆದುಕೊಂಡಿತ್ತು. ಸುಮಾರು 120 ವರ್ಷ ನಡೆದ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಸಹಸ್ರಾರು ಮಂದಿ ದುಡಿಮೆಗಾಗಿ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರಬೇಕಾಯಿತು. ಗಿರಾಕಿಯ ಕೈ ಬರಿದಾದಾಗ ಸಣ್ಣ ಅಂಗಡಿಯವನ ಗಲ್ಲೆಯೂ ತೆಳುವಾಗುತ್ತದೆ. ಅಂಥ ಊರಿನಲ್ಲಿ ಸಭೆಯ ಮಧ್ಯದಲ್ಲಿ ಉದ್ವೇಗದಿಂದ ಕೂಗಿದ ಮೊತ್ತವು ಮರುದಿನ ಬೆಳಿಗ್ಗೆ ಸಾಲವಾಗಿ ಮನೆಯೊಳಗೆ ಕಾಲಿಡುತ್ತದೆ. ದೇವದ್ರವ್ಯದ ಬಾಕಿ ಉಳಿಸಿಕೊಳ್ಳಬಾರದೆಂಬ ಭಯ ಒಂದು ಕಡೆ, ಮಗಳ ಓದಿನ ಶುಲ್ಕ ಇನ್ನೊಂದು ಕಡೆ. ಭಕ್ತಿಯಿಂದ ಆರಂಭವಾದುದು ಆರ್ತಧ್ಯಾನದಲ್ಲಿ ಮುಗಿದರೆ ಆ ಪಾಪದಲ್ಲಿ ಢೋಲಕ್ ನುಡಿಸಿದವನಿಗಿಂತ ನುಡಿಸಲು ಹೇಳಿದವರ ಪಾಲು ದೊಡ್ಡದು.

‘ಅಬ್ಬರವಿಲ್ಲದಿದ್ದರೆ ಯುವಕರು ಬರುವುದಿಲ್ಲ’ ಎಂಬುದು ಮೂರನೆಯ ಸಮರ್ಥನೆ. ಇದರ ಫಲವಾಗಿ ಚಲನಚಿತ್ರದ ಜನಪ್ರಿಯ ಧಾಟಿಗಳಿಗೆ ಸ್ತವನದ ಮಾತುಗಳನ್ನು ತೊಡಿಸುವ ಕೆಲಸ ನಿರಾತಂಕವಾಗಿ ನಡೆದಿದೆ. ಈ ಊರಿನ ಹೆಸರನ್ನೇ ಹೊತ್ತ ಚಲನಚಿತ್ರ 2018ರಲ್ಲಿ, ಅದರ ಎರಡನೆಯ ಭಾಗ 2022ರಲ್ಲಿ ತೆರೆಕಂಡವು. ಸೈನೈಡ್ ದಿಬ್ಬದ ಪರಿಸರದಲ್ಲಿ ಚಿತ್ರೀಕರಣವೂ ನಡೆಯಿತು. ರವಿ ಬಸ್ರೂರು ಅವರ ಸಂಗೀತ ದೇಶದುದ್ದಕ್ಕೂ ಕೇಳಿಸಿತು. ಪ್ರತೀಕಾರದ ಕಥೆಗೆ ಪ್ರತೀಕಾರದ ಬಡಿತ ಬೇಕು. ಆ ಸಂಗೀತ ತನ್ನ ಕಥೆಗೆ ತಕ್ಕುದಾಗಿದೆ, ಅದರಲ್ಲಿ ದೋಷ ಹುಡುಕಬೇಕಾಗಿಲ್ಲ. ದೋಷವಿರುವುದು ಅಂಥ ಲಯವನ್ನು ತಂದು ಅಹಿಂಸಾಮೂರ್ತಿಯ ಮುಂದೆ ನುಡಿಸುವಲ್ಲಿ. ಧಾಟಿ ತಾನು ಮೊದಲು ಕೇಳಿಸಿದ ಸಂದರ್ಭವನ್ನು ಹೊತ್ತುಕೊಂಡೇ ಬರುತ್ತದೆ. ತುಟಿಯ ಮೇಲೆ ವೀರಪ್ರಭುವಿನ ನಾಮ, ಕಣ್ಣಮುಂದೆ ಸುತ್ತಿಗೆ ಬೀಸುವ ನಾಯಕ! ಹೀಗೆ ಬಂದ ಯುವಕರು ಮಂದಿರಕ್ಕೆ ಬಂದರೇ, ಧ್ವನಿಪೆಟ್ಟಿಗೆಯ ಬಳಿಗೆ ಬಂದರೇ? ಪೆಟ್ಟಿಗೆ ಬೇರೆಡೆ ಹೋದ ದಿನ ಅವರೂ ಬೇರೆಡೆ ಹೋಗುತ್ತಾರೆ.

ಇನ್ನು ನೆರೆಹೊರೆಯ ಮಾತು. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿಯಬೇಕಾದವನು ಇರುಳು ಹತ್ತಕ್ಕೆ ಕಣ್ಣು ಮುಚ್ಚಲೇಬೇಕು. ಗಣಿಯ ಧೂಳು ಕುಡಿದು ಎದೆ ಕೆಟ್ಟ ಹಿರಿಯನಿಗೆ ನಿದ್ರೆಯೇ ಔಷಧ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದ ಧ್ವನಿವರ್ಧಕವನ್ನು ನಿಷೇಧಿಸಿವೆ. ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಮಿತಿ ಹಾಕಿವೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಕಟ್ಟುನಿಟ್ಟಾದ ನಿರ್ದೇಶನಗಳನ್ನು ನೀಡಿತು. ವರ್ಷದಲ್ಲಿ ಕೆಲವು ಹಬ್ಬದ ದಿನಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಅಹಿಂಸೆ ವಿನಾಯಿತಿ ಕೊಡುವುದಿಲ್ಲ. ಇರುವೆಗೆ ನೋವಾಗದಿರಲೆಂದು ನೆಲ ನೋಡಿ ನಡೆಯುವವರು, ಸೂಕ್ಷ್ಮಜೀವಿಯ ರಕ್ಷಣೆಗೆ ನೀರು ಸೋಸಿ ಕುಡಿಯುವವರು, ಗೋಡೆಯಾಚೆಯ ಪಂಚೇಂದ್ರಿಯ ಜೀವಿಯ ನಿದ್ರೆಯನ್ನು ಕಸಿದರೆ ಅದು ಪ್ರಮಾದವಲ್ಲದೆ ಇನ್ನೇನು? ಒಳಗಿನವರಿಗೆ ಉಲ್ಲಾಸ ತಂದ ಹಾಡೇ ಹೊರಗಿನವರಲ್ಲಿ ದ್ವೇಷ ಹುಟ್ಟಿಸುತ್ತದೆ. ಆ ದ್ವೇಷದ ಕರ್ಮಬಂಧಕ್ಕೂ ಮಂದಿರವೇ ನಿಮಿತ್ತವಾಗುತ್ತದೆ.

ಹಾಗಾದರೆ ಮೌನವೇ ಸಾಕೇ? ಸಂಗೀತ ಬೇಕು, ಮೌನವೂ ಅದರ ಭಾಗವಾಗಬೇಕು. ಇಟಲಿಯ ಲೂಚಿಯಾನೋ ಬೆರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವೇಗದ ಲಯ ಕೇಳುವವರ ಉಸಿರನ್ನೂ ಎದೆಬಡಿತವನ್ನೂ ಏರಿಸಿತು. ಆದರೆ ಹಾಡುಗಳ ನಡುವೆ ಇರಿಸಿದ ಎರಡು ನಿಮಿಷದ ನಿಶ್ಶಬ್ದದಲ್ಲಿ ಎದೆಬಡಿತ, ರಕ್ತದೊತ್ತಡಗಳು ಆರಂಭದ ಮಟ್ಟಕ್ಕಿಂತಲೂ ಕೆಳಗಿಳಿದುವು. ಸಾಮಾಯಿಕದ 48 ನಿಮಿಷಗಳ ಮಹತ್ತ್ವವನ್ನು ಅರಿತವರಿಗೆ ಇದು ಆಶ್ಚರ್ಯದ ವಿಷಯವಲ್ಲ. ಕೆ.ಜಿ.ಎಫ್.ನ ಚರಿತ್ರೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಕುರುಹನ್ನು ಕಂಡರು. ಮೇಲಿನಿಂದ ಸುರಿಯುವ ಇತರ ಕಣಗಳ ಗದ್ದಲವನ್ನು ಅಷ್ಟು ದಪ್ಪದ ಬಂಡೆ ತಡೆದುದರಿಂದಲೇ ಅದು ಸಾಧ್ಯವಾಯಿತು. ಜಡದ ಸೂಕ್ಷ್ಮವನ್ನು ಕಾಣಲು ಇಷ್ಟು ನಿಶ್ಚಲತೆ ಬೇಕಾದರೆ ಚೇತನದ ಸೂಕ್ಷ್ಮವನ್ನು ಕಾಣಲು ಎಷ್ಟು ಬೇಕು?

ಟ್ರಸ್ಟುಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಬೋಲಿ ಅಥವಾ ಸವಾಲು ನಡೆಯುವಾಗ ವಾದ್ಯಗಳು ಸಂಪೂರ್ಣವಾಗಿ ನಿಲ್ಲಲಿ. ಹೇಳಿದ ಮೊತ್ತವನ್ನು ಮರುದಿನ ಪೂಜೆಯ ನಂತರ, ಮನೆಯವರೊಡನೆ ಆಲೋಚಿಸಿ, ದೃಢಪಡಿಸುವ ಅವಕಾಶವಿರಲಿ; ಇಳಿಸಿದವನನ್ನು ಯಾರೂ ಹೀಯಾಳಿಸದಿರಲಿ. ಒಂದು ಸ್ತವನಕ್ಕೂ ಮತ್ತೊಂದಕ್ಕೂ ನಡುವೆ ಎರಡು ನಿಮಿಷ ಮೌನವಿರಲಿ. ಧ್ವನಿ ಆವರಣದ ಗೋಡೆಯನ್ನು ದಾಟದಿರಲಿ. ಹತ್ತು ಗಂಟೆಗೆ ಮುನ್ನ ಕಾರ್ಯಕ್ರಮ ಮುಗಿಯಲಿ. ಕರೆಸುವ ತಂಡದ ವೆಚ್ಚದ ಒಂದು ಪಾಲನ್ನು ಊರಿನ ಮಕ್ಕಳಿಗೆ ಹಳೆಯ ಸ್ತವನಗಳನ್ನು ಶ್ರುತಿಬದ್ಧವಾಗಿ ಕಲಿಸಲು ಮೀಸಲಿಡಲಿ. ಕೇಳಿದ ಹಾಡು ಕಿವಿಯಲ್ಲಿ ಉಳಿಯುತ್ತದೆ. ಹಾಡಿದ ಹಾಡು ನಡತೆಯಲ್ಲಿ ಉಳಿಯುತ್ತದೆ.

ಹೀಗೆ ಮಾಡಿದರೆ ಮೊದಲ ವರ್ಷ ಬೋಲಿಯ ಮೊತ್ತ ಇಳಿಯಬಹುದು. ಹಾಗೆ ಇಳಿದರೆ, ಅಷ್ಟು ಹಣ ಈವರೆಗೆ ಭಕ್ತಿಯಿಂದಲ್ಲ, ಬಡಿತದಿಂದ ಬರುತ್ತಿತ್ತು ಎಂಬುದು ಲೆಕ್ಕದ ಪುಸ್ತಕದಲ್ಲಿಯೇ ಸಿದ್ಧವಾಗುತ್ತದೆ. ಇಳಿಯದಿದ್ದರೆ ತಂಡದ ವೆಚ್ಚ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಸಮಾಜಕ್ಕೆ ಹಿತವೇ. ಬರುವ ಪರ್ಯುಷಣಕ್ಕೆ ತಂಡವನ್ನು ಗೊತ್ತುಮಾಡುವ ಮೊದಲು ಪ್ರತಿಯೊಂದು ಟ್ರಸ್ಟಿನ ಸಭೆಯೂ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳುವುದು ಉಚಿತ.