ಮುಖದ ಉರಿಗೆ ಹೊಟ್ಟೆಯನ್ನೊಂದೇ ದೂರಬೇಡಿ

"ಹೊಟ್ಟೆ ಸರಿಯಿಲ್ಲ, ಅದಕ್ಕೇ ಮುಖ ಕೆಂಪಾಗಿದೆ." ಕೆನ್ನೆ, ಮೂಗು ಉರಿಯುತ್ತದೆ ಅಂದವರಿಗೆ ನಮ್ಮ ಹಳ್ಳಿಗಳಲ್ಲಿ ಮೊದಲು ಸಿಗುವ ಉತ್ತರ ಇದು. ಪಿತ್ತ ಅನ್ನುತ್ತಾರೆ, ಉಷ್ಣ ಅನ್ನುತ್ತಾರೆ. ಹೊಟ್ಟೆ ಶುದ್ಧಿ ಮಾಡಿಕೊಂಡರೆ ಸಾಕು ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಮುಖ ಕೆಡುತ್ತದೆ ಅನ್ನುವುದು ನಮ್ಮ ವಾದ.

ಹೀಗೆ ಪದೇ ಪದೇ ಕೆಂಪಾಗಿ ಉರಿಯುವ ಕಾಯಿಲೆಗಳಲ್ಲಿ ಒಂದು ರೊಸೇಶಿಯಾ. ಹೆಚ್ಚಾಗಿ ಮೂವತ್ತು ದಾಟಿದವರಲ್ಲಿ ಕಾಣುತ್ತದೆ. ನಮ್ಮ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದು. ಉರಿ, ಬಿಸಿ, ಸಣ್ಣ ಗುಳ್ಳೆ ಮಾತ್ರ ಗೊತ್ತಾಗುತ್ತವೆ. ಹಾಗಾಗಿ ಮೊಡವೆ ಎಂದುಕೊಂಡೇ ವರ್ಷಗಳು ಕಳೆಯುತ್ತವೆ.

ಹೊಟ್ಟೆಯ ನಂಟು ಸುಳ್ಳಲ್ಲ. 2008ರಲ್ಲಿ ಇಟಲಿಯ ವೈದ್ಯರು 113 ರೋಗಿಗಳನ್ನು ಪರೀಕ್ಷಿಸಿದಾಗ, ಹತ್ತಿರಹತ್ತಿರ ಅರ್ಧದಷ್ಟು ಜನರ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದ್ದವು. ಅದಕ್ಕೆ ಚಿಕಿತ್ಸೆ ಕೊಟ್ಟಾಗ ಅನೇಕರ ಮುಖವೂ ತಿಳಿಯಾಯಿತು. ಆದರೆ ಗಮನಿಸಿ: ಅಲ್ಲಿ ಉಸಿರಿನ ಪರೀಕ್ಷೆ ಮಾಡಿ ಆಂಟಿಬಯೋಟಿಕ್ ಕೊಟ್ಟಿದ್ದರು, ಭೇದಿ ಮದ್ದನ್ನಲ್ಲ. ಇನ್ನರ್ಧ ಜನಕ್ಕೆ ಆ ತೊಂದರೆ ಇರಲೇ ಇಲ್ಲ.

ಮನೆಯಲ್ಲೇ ಮಾಡಬಹುದಾದ್ದು ಬೇಕಾದಷ್ಟಿದೆ, ಖರ್ಚೂ ಇಲ್ಲ. ಬಿಸಿಲಿಗೆ ಹೋಗುವಾಗ ಸೆರಗು, ಟವೆಲ್ ಅಥವಾ ಕೊಡೆ ಇರಲಿ. ಒಲೆಯ ಝಳಕ್ಕೆ ಮುಖ ಒಡ್ಡಬೇಡಿ. ಕಾಫಿ, ಟೀ ಸ್ವಲ್ಪ ಆರಿದ ಮೇಲೆ ಕುಡಿಯಿರಿ. ಖಾರ ತಿಂದಾಗ, ಹೆಂಡ ಕುಡಿದಾಗ ಉರಿ ಏರುತ್ತದೆಯೇ ನೋಡಿ, ಏರಿದರೆ ಬಿಡಿ. ಎಲ್ಲರಿಗೂ ಒಂದೇ ಪಥ್ಯವಿಲ್ಲ. ಮುಖಕ್ಕೆ ನಿಂಬೆಹಣ್ಣು, ಅಡುಗೆ ಸೋಡಾ ಉಜ್ಜಬೇಡಿ. ಅವು ನೈಸರ್ಗಿಕವೋ ಅಲ್ಲವೋ, ಉರಿಯುವ ಚರ್ಮವನ್ನು ಇನ್ನಷ್ಟು ಸುಡುತ್ತವೆ.

ನಿಂಬೆಗಿಂತ ನಮಗೆ ಹೆಚ್ಚು ಭಯ ಅಂಗಡಿಯ ಟ್ಯೂಬಿನದು. ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದು ಬರೆದ ಕ್ರೀಮುಗಳು ಸ್ಟೀರಾಯ್ಡ್. ಹಚ್ಚಿದ ನಾಲ್ಕು ದಿನ ಮುಖ ಹೊಳೆಯುತ್ತದೆ, ಬಿಟ್ಟ ಕೂಡಲೇ ಉರಿ ಎರಡರಷ್ಟಾಗಿ ಮರಳುತ್ತದೆ. ಚರ್ಮ ತೆಳ್ಳಗಾಗುತ್ತದೆ. ರೊಸೇಶಿಯಾ ಇಲ್ಲದವರಿಗೂ ಅಂಥದ್ದೇ ಕಾಯಿಲೆ ಅಂಟಿಕೊಳ್ಳುತ್ತದೆ. ಚೀಟಿಯಿಲ್ಲದೆ ಇವನ್ನು ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಬೆಳ್ಳಗಾಗುವ ಕ್ರೀಮೆಂದು ಇವು ಕೈಗೆ ಸಿಗುತ್ತಲೇ ಇವೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ವೈದ್ಯರನ್ನು ಕೇಳಿಯೇ ಬಿಡಿ.

ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚಿದರೆ, ಮುಖದ ಕೆಂಪಿನ ಜೊತೆ ಜ್ವರ, ಕೀಲುನೋವು ಇದ್ದರೆ, ಹೊಟ್ಟೆನೋವು ಭೇದಿ ನಿಲ್ಲದಿದ್ದರೆ ಕಾಯಬೇಡಿ. ಜಿಲ್ಲಾಸ್ಪತ್ರೆಯ ಚರ್ಮರೋಗ ವೈದ್ಯರಿಗೆ ತೋರಿಸಿ, ಹೊಟ್ಟೆಯ ತೊಂದರೆಯನ್ನೂ ಅಲ್ಲೇ ಹೇಳಿ. ಹಚ್ಚಿದ ಟ್ಯೂಬನ್ನು ಜೊತೆಗೆ ಒಯ್ಯುವುದನ್ನು ಮರೆಯಬೇಡಿ.